ಮನುಷ್ಯಾಕೃತಿ ಮತ್ತು ಉಡುಗೆ: ಚಿತ್ರವನ್ನು ತಿದ್ದುವ ಬಗೆ

ಕನ್ನಡದಲ್ಲಿ ನಾವು ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದ. ಆದುದರಿಂದ ಕನ್ನಡ ಕಲಿಸುವವರು ಚಿತ್ರದ ವಿಷಯವಾಗಿ ನಾಲ್ಕು ಮಾತು ಹೇಳಿದರೆ ಅದು ತೀರ ಅನಧಿಕಾರವೆನಿಸದೆಂದು ನಂಬಿದ್ದೇವೆ. ಚಿತ್ರಕಲೆಗೆ ಬೇರೆ ಶಿಕ್ಷಕರಿಲ್ಲದ ವರ್ಷಗಳಲ್ಲಿ ಆ ತಾಸು ನಮ್ಮ ಪಾಲಿಗೆ ಬಂದಿತು. ಅಂದಿನಿಂದ ಮಕ್ಕಳ ಚಿತ್ರಗಳನ್ನು ನೋಡುತ್ತ, ತಿದ್ದುತ್ತ, ಕೆಲವೊಮ್ಮೆ ಕೆಡಿಸುತ್ತ ನಾವೂ ಕಲಿತಿದ್ದೇವೆ. ಆ ಕಲಿಕೆಯನ್ನು ವಿದ್ಯಾರ್ಥಿ ಮಿತ್ರರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಮಹಾರಾಷ್ಟ್ರ ಸರಕಾರದ ಕಲಾ ಸಂಚಾಲನಾಲಯವು ನಡೆಸುವ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳಿಗೆ ನಮ್ಮ ಮಕ್ಕಳು ಕುಳಿತುಕೊಳ್ಳುತ್ತಾರೆ. ಅವುಗಳಲ್ಲಿ ಸ್ಮರಣ ಚಿತ್ರವೂ ಒಂದು ವಿಷಯ. ಕಂಡದ್ದನ್ನು ನೆನೆದು ಬರೆಯಬೇಕು. ಸಂತೆಯಿರಲಿ, ಜಾತ್ರೆಯಿರಲಿ, ಹೊಲದ ರಾಶಿಯಿರಲಿ, ಮನುಷ್ಯನಿಲ್ಲದೆ ಆ ಚಿತ್ರ ಪೂರ್ತಿಯಾಗುವುದಿಲ್ಲ. ಹೂಜಿ, ಬುಟ್ಟಿ, ಮರ, ಗುಡಿಗಳನ್ನು ಧೈರ್ಯದಿಂದ ಬರೆಯುವ ಹುಡುಗರು ಮನುಷ್ಯನ ಬಳಿ ಬಂದೊಡನೆ ಪೆನ್ಸಿಲು ಕೆಳಗಿಡುತ್ತಾರೆ. ಇನ್ನು ಕೆಲವರು ಮನುಷ್ಯನನ್ನು ದೂರದಲ್ಲಿ ಚುಕ್ಕೆಯಷ್ಟು ಚಿಕ್ಕದಾಗಿ ಬರೆದು ಪಾರಾಗುತ್ತಾರೆ. ಈ ಅಂಜಿಕೆಗೆ ಕಾರಣ ಮಕ್ಕಳ ಕೈಯಲ್ಲಿಲ್ಲ. ಅವರ ಚಿತ್ರಕ್ಕೆ ನಾವು ಹೇಳುವ ಮಾತಿನಲ್ಲಿದೆ ಎಂಬುದು ನಮಗೆ ತಡವಾಗಿ ತಿಳಿಯಿತು.

ಮೊದಲು ನಮ್ಮ ತಪ್ಪು

ಕೆಲವು ವರ್ಷಗಳ ಹಿಂದಿನ ಮಾತು. ಎಂಟನೆಯ ಇಯತ್ತೆಯ ಒಬ್ಬ ಹುಡುಗಿ ನೀರು ಹೊತ್ತು ಬರುವ ಹೆಂಗಸಿನ ಚಿತ್ರ ಬರೆದು ತಂದಳು. ಎಡಸೊಂಟದ ಮೇಲೆ ಕೊಡ. ದೇಹ ಬಲಕ್ಕೆ ವಾಲಿತ್ತು. ಬಲಗೈ ಹೊರಕ್ಕೆ ಚಾಚಿತ್ತು. ಎರಡು ಭುಜಗಳು ಒಂದೇ ಮಟ್ಟದಲ್ಲಿರಲಿಲ್ಲ. ಸೀರೆಯ ಕೆಳಅಂಚು ಎಡಗಡೆ ಗೇಣುದ್ದ ಮೇಲೆದ್ದು ಬಲಗಡೆ ಪಾದವನ್ನು ಮುಟ್ಟುತ್ತಿತ್ತು. ನಾವು ಆತುರದಲ್ಲಿದ್ದೆವು. ಕೆಂಪು ಮಸಿಯ ಪೆನ್ನಿನಿಂದ ಅವಳ ಗೆರೆಗಳ ಮೇಲೆಯೇ ಭುಜವನ್ನು ನೇರ ಮಾಡಿದೆವು, ಸೀರೆಯ ಅಂಚನ್ನು ಸಮ ಮಾಡಿದೆವು, ಕೆಳಗೆ "ಪ್ರಮಾಣ ತಪ್ಪು" ಎಂದು ಬರೆದೆವು. ಇಡೀ ವರ್ಗಕ್ಕೆ ಕಾಣುವಂತೆ ಎತ್ತಿಯೂ ತೋರಿಸಿದೆವು. ಮರುವಾರ ಅವಳು ಎರಡು ಗುಡ್ಡಗಳ ನಡುವೆ ಮೂಡುವ ಸೂರ್ಯನನ್ನು ಬರೆದು ತಂದಳು. ಅದರ ಮುಂದಿನ ವಾರವೂ ಅದನ್ನೇ ತಂದಳು.

ತಿಂಗಳೆರಡು ಕಳೆದ ಮೇಲೆ ಬೇರಾವುದೋ ಕೆಲಸಕ್ಕಾಗಿ ಅವರ ಓಣಿಗೆ ಹೋಗಿದ್ದೆವು. ಅವಳ ತಾಯಿ ಕೊಡ ಹೊತ್ತು ಎದುರಿಗೆ ಬಂದರು. ಎಡಸೊಂಟ ಹೊರಕ್ಕೆ ಚಾಚಿತ್ತು, ದೇಹ ಬಲಕ್ಕೆ ವಾಲಿತ್ತು, ಬಲಗೈ ಗಾಳಿಯಲ್ಲಿತ್ತು, ಎಡಗಡೆಯ ಅಂಚು ಮೇಲೆದ್ದಿತ್ತು. ಹುಡುಗಿ ಬರೆದುದರಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಭಾರವು ಒಂದು ಬದಿಗೆ ಬಂದಾಗ ದೇಹವು ಇನ್ನೊಂದು ಬದಿಗೆ ವಾಲಿ ತೂಕ ಕಾಯುತ್ತದೆ. ಸೊಂಟ ಹೊರಬಂದಾಗ ಅದರ ಮೇಲಿನ ಬಟ್ಟೆ ಮೇಲಕ್ಕೆ ಎಳೆಯಲ್ಪಡುತ್ತದೆ. ಅವಳು ಕಂಡದ್ದನ್ನು ಬರೆದಿದ್ದಳು; ನಾವು ಕಾಣದೆ ತಿದ್ದಿದ್ದೆವು.

ಮರುದಿನ ಶಾಲೆಯಲ್ಲಿ ಅವಳನ್ನು ಕರೆದು, ಆ ಚಿತ್ರವನ್ನು ಇನ್ನೊಮ್ಮೆ ಬರೆಯಲು ಹೇಳಿದೆವು. ಅವಳು ಪೆನ್ಸಿಲನ್ನು ನಮ್ಮ ಕಡೆಗೆ ಚಾಚಿ, "ನೀವs ತಿದ್ದಿ ಕೊಡ್ರಿ ಸರ್" ಎಂದಳು. ಸಿಟ್ಟಿನಿಂದ ಹೇಳಿದ ಮಾತಲ್ಲ, ನಿಜವಾಗಿಯೇ ಹಾಗೆಂದು ನಂಬಿ ಹೇಳಿದ ಮಾತು. ತನ್ನ ಕಣ್ಣಿಗಿಂತ ನಮ್ಮ ಕೈ ದೊಡ್ಡದೆಂದು ಅವಳು ಕಲಿತುಬಿಟ್ಟಿದ್ದಳು. ಆ ವರ್ಷ ಅವಳು ಪರೀಕ್ಷೆಗೆ ಕೂಡಲಿಲ್ಲ.

ತಿದ್ದುವುದು, ಟೀಕಿಸುವುದು

ಭಾಷೆ ಕಲಿಸುವವರಿಗೆ ಇಲ್ಲಿ ಎರಡು ಶಬ್ದಗಳು ನೆನಪಾಗುತ್ತವೆ. "ತಿದ್ದು" ಎಂಬುದಕ್ಕೆ ತಪ್ಪನ್ನು ಸರಿಪಡಿಸುವುದೆಂಬುದು ಒಂದೇ ಅರ್ಥವಲ್ಲ. ಮಗು ಮರಳಿನ ಮೇಲೆ, ಪಾಟಿಯ ಮೇಲೆ ಅಕ್ಷರದ ಗೆರೆಯನ್ನು ಮತ್ತೆ ಮತ್ತೆ ಅನುಸರಿಸಿ ರೂಢಿ ಮಾಡಿಕೊಳ್ಳುವುದೂ "ತಿದ್ದುವುದೇ". ಅಕ್ಷರ ತಿದ್ದುವವರು ಗುರುಗಳಲ್ಲ, ಮಗು. ಇನ್ನೊಂದು ಶಬ್ದ "ಟೀಕೆ". ಇಂದು ಟೀಕೆಯೆಂದರೆ ತಪ್ಪೆಣಿಸುವುದು ಎಂದಾಗಿದೆ. ಹಳೆಯ ಗ್ರಂಥಗಳಲ್ಲಿ ಟೀಕೆಯೆಂದರೆ ಮೂಲದ ಕಠಿಣ ಪದಗಳನ್ನು ಬಿಡಿಸಿ, ಅರ್ಥ ವಿವರಿಸುವ ವ್ಯಾಖ್ಯಾನ. ಟೀಕಾಕಾರನು ಮೂಲವನ್ನು ಅಳಿಸಿ ತನ್ನದನ್ನು ಬರೆಯುವುದಿಲ್ಲ. ಮೂಲದ ಪಕ್ಕದಲ್ಲಿ ನಿಂತು, ಅದು ಏನು ಹೇಳಹೊರಟಿದೆಯೆಂಬುದನ್ನು ತೋರಿಸುತ್ತಾನೆ.

ಚಿತ್ರಕ್ಕೂ ಇದೇ ನ್ಯಾಯ. ತಿದ್ದುವ ಕೈ ಬರೆದವರದೇ ಆಗಿರಬೇಕು. ನೋಡುವವರು ಕೊಡಬೇಕಾದದ್ದು ಕಣ್ಣು, ಕೈಯಲ್ಲ. ಈ ಲೇಖನದಲ್ಲಿ ನಾವು ಹೇಳಬೇಕಾದ ಮುಖ್ಯ ಮಾತು ಇದೊಂದೇ. ಆದರೆ ಕಣ್ಣು ಕೊಡಬೇಕಾದರೆ ಏನನ್ನು ನೋಡಬೇಕೆಂಬ ತಿಳಿವಳಿಕೆ ಬೇಕು. ಆದುದರಿಂದ ಮನುಷ್ಯಾಕೃತಿಯಲ್ಲಿಯೂ ಉಡುಗೆಯಲ್ಲಿಯೂ ಯಾವುದನ್ನು, ಯಾವ ಕ್ರಮದಲ್ಲಿ ನೋಡಬೇಕೆಂಬುದನ್ನು ಈಗ ವಿವರಿಸುತ್ತೇವೆ.

ಮೊದಲು ನಿಲುವು

ಯಾರದೇ ಚಿತ್ರ ಕೈಗೆ ಬಂದರೂ ಮೂಗು, ಕಣ್ಣು, ಬೆರಳುಗಳನ್ನು ಮೊದಲು ನೋಡಬಾರದು. ಚಿತ್ರವನ್ನು ಮಾರುದ್ದ ದೂರ ಹಿಡಿದು, ಕಣ್ಣನ್ನು ಅರೆ ಮುಚ್ಚಿ, ಈ ಮನುಷ್ಯ ನಿಂತಿದ್ದಾನೆಯೋ ಬೀಳುತ್ತಿದ್ದಾನೆಯೋ ಎಂದು ಕೇಳಿಕೊಳ್ಳಬೇಕು.

ಜೋಳದ ದಂಟಿನಿಂದ ಬಂಡಿ ಮಾಡುವುದನ್ನು, ಎತ್ತು ಮಾಡುವುದನ್ನು ನಮ್ಮ ಸೀಮೆಯ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಅದೇ ರೀತಿ ಒಬ್ಬ ದಂಟಿನ ಮನುಷ್ಯನನ್ನು ಕಾಗದದ ಮೇಲೆ ಮಾಡಿಕೊಳ್ಳಬೇಕು. ತಲೆಗೆ ಒಂದು ಮೊಟ್ಟೆಯಾಕಾರ. ಬೆನ್ನೆಲುಬಿಗೆ ಒಂದು ಬಾಗಿದ ಗೆರೆ. ಭುಜಗಳಿಗೆ ಒಂದು ಅಡ್ಡಕಡ್ಡಿ, ಸೊಂಟಕ್ಕೆ ಇನ್ನೊಂದು ಅಡ್ಡಕಡ್ಡಿ. ಕೈಕಾಲುಗಳಿಗೆ ಎರಡೆರಡು ತುಂಡು. ಇಷ್ಟೇ. ದೇಹವನ್ನು ಬರೆಯಿರಿ ಎಂದರೆ ವರ್ಗದಲ್ಲಿ ನಗೆ ಏಳುತ್ತದೆ, ಕೆಲವರು ನಾಚುತ್ತಾರೆ. ದಂಟಿನ ಮನುಷ್ಯನಿಗೆ ಯಾರೂ ನಾಚುವುದಿಲ್ಲ.

ಈ ಎರಡು ಅಡ್ಡಕಡ್ಡಿಗಳಲ್ಲಿಯೇ ಅರ್ಧ ವಿದ್ಯೆ ಅಡಗಿದೆ. ಮನುಷ್ಯನು ಎರಡೂ ಕಾಲುಗಳ ಮೇಲೆ ಸಮನಾಗಿ ನಿಂತಾಗ ಅವು ಸಮಾನಾಂತರವಾಗಿರುತ್ತವೆ. ಒಂದೇ ಕಾಲಿನ ಮೇಲೆ ಭಾರ ಹಾಕಿ ವಿಶ್ರಾಂತಿಯಿಂದ ನಿಂತಾಗ, ಭಾರ ಹೊತ್ತ ಕಾಲಿನ ಕಡೆಯ ಸೊಂಟ ಮೇಲೇಳುತ್ತದೆ; ಅದೇ ಕಡೆಯ ಭುಜ ಸಾಮಾನ್ಯವಾಗಿ ಕೆಳಗಿಳಿಯುತ್ತದೆ. ಕುತ್ತಿಗೆಯ ಕುಳಿಯಿಂದ ಕೆಳಕ್ಕೆ ಒಂದು ತೂಗುದಾರ ಬಿಟ್ಟರೆ ಅದು ಭಾರ ಹೊತ್ತ ಪಾದದ ಸಮೀಪದಲ್ಲಿ ಬೀಳುತ್ತದೆ. ಗವಂಡಿಯು ಗೋಡೆಗೆ ತೂಗುಗುಂಡು ಹಿಡಿಯುವಂತೆ ನಾವು ಚಿತ್ರಕ್ಕೆ ದಾರ ಹಿಡಿದು ನೋಡಬಹುದು. ಹೊರೆ ಹೊತ್ತವರಲ್ಲಿ ಮಾತ್ರ ಹೊರೆಯ ತೂಕವನ್ನೂ ಸೇರಿಸಿ ಲೆಕ್ಕ ಹಿಡಿಯಬೇಕು. ನಮ್ಮ ತಪ್ಪು ಆದದ್ದು ಅಲ್ಲಿಯೇ.

ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಯು ಮಕರ ಸಂಕ್ರಮಣದ ಸಮಯದಲ್ಲಿ ನಡೆಯುತ್ತದೆ. ಅಲ್ಲಿ ಏಳು ನಂದಿಧ್ವಜಗಳ ಮೆರವಣಿಗೆಯನ್ನು ನೋಡದ ಮಕ್ಕಳು ನಮ್ಮಲ್ಲಿ ಕಡಿಮೆ. ಬಿಳಿಯ ಬಾರಾಬಂದಿ ತೊಟ್ಟು, ಅಷ್ಟೆತ್ತರದ ಧ್ವಜವನ್ನು ನೆಟ್ಟಗೆ ಹಿಡಿದು ನಡೆಯುವವನ ಬೆನ್ನು ಹೇಗಿರುತ್ತದೆ? ಮೊಣಕಾಲು ಹೇಗಿರುತ್ತದೆ? ಧ್ವಜವನ್ನು ಕೋಲಿನಂತೆ ಕೈಯಲ್ಲಿ ಹಿಡಿಸಿದ ಚಿತ್ರಗಳು ನಮ್ಮ ಬಳಿ ಬಹಳ ಬರುತ್ತವೆ. ಅಂಥ ಚಿತ್ರಕ್ಕೆ "ತಪ್ಪು" ಎನ್ನುವ ಬದಲು "ಈ ಧ್ವಜ ಎಷ್ಟು ತೂಕದ್ದು? ಆ ತೂಕ ಇವನ ದೇಹದಲ್ಲಿ ಎಲ್ಲಿ ಕಾಣುತ್ತದೆ?" ಎಂದು ಕೇಳಿದರೆ ಸಾಕು. ಹುಡುಗನು ತಾನೇ ಎದ್ದು ನಿಂತು, ಬೆನ್ನು ಹಿಂದಕ್ಕೆ ಮಾಡಿ, ಕಾಲು ಅಗಲಿಸಿ ನೋಡುತ್ತಾನೆ. ಉತ್ತರವನ್ನು ಅವನ ದೇಹವೇ ಹೇಳುತ್ತದೆ.

ಆಮೇಲೆ ಅಳತೆ

ನಿಲುವು ಸರಿಯಾದ ಮೇಲೆ ಪ್ರಮಾಣ. ಇದಕ್ಕೆ ಹೊರಗಿನ ಮಾಪಕ ಬೇಡ, ತಲೆಯೇ ಮಾಪಕ. ನೆತ್ತಿಯಿಂದ ಗದ್ದದವರೆಗಿನ ಉದ್ದವನ್ನು ಒಂದೆಂದು ಹಿಡಿದರೆ ಬೆಳೆದ ಮನುಷ್ಯನ ಎತ್ತರ ಸುಮಾರು ಏಳರಿಂದ ಏಳೂವರೆ ತಲೆಗಳಷ್ಟು. ಒಂದು ವರ್ಷದ ಕೂಸು ಸುಮಾರು ನಾಲ್ಕು ತಲೆಗಳಷ್ಟು. ಹತ್ತು ವರ್ಷದ ಹುಡುಗ ಆರು, ಆರೂವರೆ. ಮಕ್ಕಳ ಚಿತ್ರದಲ್ಲಿ ಕೂಸು ಒಬ್ಬ ಕುಳ್ಳ ಮುದುಕನಂತೆ ಕಾಣುವುದಕ್ಕೆ ಕಾರಣವಿದೇ: ದೊಡ್ಡವರ ಪ್ರಮಾಣವನ್ನೇ ಚಿಕ್ಕದು ಮಾಡಿ ಬರೆದಿರುತ್ತಾರೆ.

ಇನ್ನು ಕೆಲವು ಅಳತೆಗಳನ್ನು ಪ್ರತಿಯೊಬ್ಬರೂ ತಮ್ಮ ದೇಹದಲ್ಲಿಯೇ ಪರೀಕ್ಷಿಸಬಹುದು. ಬೆಳೆದವರ ದೇಹದ ನಟ್ಟನಡು ಹೊಕ್ಕುಳಲ್ಲ. ಅದು ಕಾಲುಗಳು ಕೂಡುವ ಸ್ಥಳದ ಸುಮಾರಿಗೆ ಬರುತ್ತದೆ. ಕೈ ಕೆಳಗೆ ಬಿಟ್ಟಾಗ ಮೊಣಕೈ ನಡುವಿನ ಮಟ್ಟದಲ್ಲಿರುತ್ತದೆ, ಬೆರಳ ತುದಿ ತೊಡೆಯ ಮಧ್ಯಕ್ಕೆ ಮುಟ್ಟುತ್ತದೆ. ಅಂಗೈಯನ್ನು ಗದ್ದಕ್ಕೆ ಹಚ್ಚಿ ಮುಖದ ಮೇಲಿಟ್ಟರೆ ಬೆರಳುಗಳು ಹಣೆಯನ್ನು ಮುಟ್ಟುತ್ತವೆ. ಎರಡೂ ಕೈ ಚಾಚಿದರೆ ಆ ಅಗಲವು ಬಹುಮಟ್ಟಿಗೆ ನಮ್ಮ ಎತ್ತರಕ್ಕೆ ಸಮ. ಹೆಚ್ಚಿನ ಮಕ್ಕಳು ಅಂಗೈಯನ್ನು ಎಲೆಯಷ್ಟು ಚಿಕ್ಕದಾಗಿಯೂ ಪಾದವನ್ನು ಅದಕ್ಕಿಂತ ಚಿಕ್ಕದಾಗಿಯೂ ಬರೆಯುತ್ತಾರೆ. "ಕೈ ಸಣ್ಣದಾಯಿತು" ಎಂದು ಹೇಳಬೇಕಾಗಿಲ್ಲ. "ಈ ಕೈಯಿಂದ ಇವಳು ಮುಖ ಮುಚ್ಚಿಕೊಳ್ಳಬಹುದೇ?" ಎಂದು ಕೇಳಿರಿ.

ನಮ್ಮ ಹಿಂದಿನವರೂ ಹೀಗೆಯೇ ದೇಹದಿಂದ ದೇಹವನ್ನು ಅಳೆದರು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಭಾಗದಲ್ಲಿ ಹಂಸ, ಭದ್ರ, ಮಾಲವ್ಯ, ರುಚಕ, ಶಶಕ ಎಂಬ ಐದು ಬಗೆಯ ಪುರುಷರನ್ನು ಹೇಳಿ, ಅವರ ಎತ್ತರವನ್ನು ಕ್ರಮವಾಗಿ 108, 106, 104, 100 ಮತ್ತು 90 ಅಂಗುಲಗಳೆಂದು ಕೊಟ್ಟಿದೆ. ಹನ್ನೆರಡು ಅಂಗುಲದ ಮುಖಕ್ಕೆ ಒಂದು ತಾಳವೆಂದು ಹೆಸರು. ಹೀಗೆ 108 ಅಂಗುಲವೆಂದರೆ ಒಂಬತ್ತು ತಾಳ. ತಾಳವು ಕೂದಲ ಅಂಚಿನಿಂದ ಗದ್ದದವರೆಗಿನ ಮುಖದ ಅಳತೆ, ನೆತ್ತಿಯಿಂದ ಅಳೆದ ತಲೆಯಲ್ಲ. ಆದುದರಿಂದ ಒಂಬತ್ತು ತಾಳಕ್ಕೂ ಏಳೂವರೆ ತಲೆಗೂ ದೊಡ್ಡ ವಿರೋಧವಿಲ್ಲ. ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಶಾಸ್ತ್ರವೇ ಐದು ಬಗೆಯ ಮನುಷ್ಯರನ್ನು ಒಪ್ಪಿಕೊಂಡಿರುವಾಗ, ಒಂದೇ ಅಳತೆಯನ್ನು ಹಿಡಿದು ಮಗುವಿನ ಚಿತ್ರದ ಮೇಲೆ "ಪ್ರಮಾಣ ತಪ್ಪು" ಎಂದು ಬರೆಯುವುದು ನ್ಯಾಯವಲ್ಲ. ಗಿಡ್ಡ ಮಾವನನ್ನು ಗಿಡ್ಡನಾಗಿ ಬರೆದರೆ ಅದು ಸರಿಯಾದ ಚಿತ್ರ.

ಬಟ್ಟೆ ಎಲ್ಲಿಂದ ತೂಗಿದೆ?

ಉಡುಗೆಯನ್ನು ಬರೆಯುವಾಗ ಆಗುವ ಮುಖ್ಯ ದೋಷವೊಂದೇ. ಬಟ್ಟೆಯನ್ನು ಮೊದಲು ಬರೆದು, ಅದರಿಂದ ತಲೆ, ಕೈ, ಕಾಲುಗಳು ಹೊರಬಂದಂತೆ ತೋರಿಸುವುದು. ಆಗ ಬಟ್ಟೆ ಗೂಟಕ್ಕೆ ನೇತುಹಾಕಿದಂತೆ ಕಾಣುತ್ತದೆ, ಒಳಗೆ ಮನುಷ್ಯನಿರುವುದಿಲ್ಲ. ಸೀರೆಯ ಮುಖ್ಯ ಭಾಗಕ್ಕೆ ಕನ್ನಡದಲ್ಲಿ "ಒಡಲು" ಎನ್ನುತ್ತೇವೆ. ಒಡಲೆಂದರೆ ದೇಹವೂ ಹೌದು. ನೇಕಾರರ ಈ ಮಾತನ್ನು ಚಿತ್ರ ಬರೆಯುವವರು ನೆನಪಿನಲ್ಲಿಡಬೇಕು: ಒಡಲು ತಿಳಿಯದೆ ಸೀರೆ ತಿಳಿಯದು.

ಬಟ್ಟೆಗೆ ತನ್ನದೇ ಆದ ಆಕಾರವಿಲ್ಲ. ಅದು ದೇಹದ ಕೆಲವು ಸ್ಥಳಗಳಲ್ಲಿ ಆತುಕೊಂಡು, ಉಳಿದೆಡೆ ತನ್ನ ಭಾರದಿಂದ ಕೆಳಗೆ ಇಳಿಯುತ್ತದೆ. ಭುಜ, ಎದೆ, ಮೊಣಕೈ, ಸೊಂಟ, ಮೊಣಕಾಲು ಆತುಕೊಳ್ಳುವ ಸ್ಥಳಗಳು. ಮಡಿಕೆಗಳೆಲ್ಲ ಅಲ್ಲಿಂದಲೇ ಹೊರಡಬೇಕು. ಎಲ್ಲಿಂದಲೋ ಹೊರಟು ಎಲ್ಲಿಗೋ ಹೋಗುವ ಗೆರೆ ಮಡಿಕೆಯಲ್ಲ, ಅಲಂಕಾರ. ಮಡಿಕೆಗಳಲ್ಲಿ ನಾಲ್ಕು ಬಗೆಗಳನ್ನು ಗುರುತಿಸಲು ಕಲಿತರೆ ನಮ್ಮ ಕೆಲಸ ಸಾಗುತ್ತದೆ.

ಮೊದಲನೆಯದು ಕೊಳವೆ ಮಡಿಕೆ. ಒಂದೇ ಸ್ಥಳದಿಂದ ಕೆಳಗೆ ಇಳಿಬಿದ್ದದ್ದು. ಸೀರೆಯ ನಿರಿಗೆ, ದೋತರದ ಮುಂಭಾಗ, ಪರಕಾರದ ಸುತ್ತು ಇದಕ್ಕೆ ಉದಾಹರಣೆ. ಇವು ಮೇಲೆ ಒತ್ತಾಗಿ ಕೂಡಿ, ಕೆಳಗೆ ಅಗಲವಾಗುತ್ತವೆ. ಎರಡನೆಯದು ತೊಟ್ಟಿಲು ಮಡಿಕೆ. ಎರಡು ಸ್ಥಳಗಳ ನಡುವೆ ಜೋತುಬಿದ್ದದ್ದು. ಕೂಸನ್ನು ಮಲಗಿಸಿದ ಜೋಲಿಯಲ್ಲಿ, ಎರಡೂ ಭುಜದ ಮೇಲೆ ಹೊದ್ದ ಶಾಲಿನಲ್ಲಿ ಇದು ಕಾಣುತ್ತದೆ. ಮೂರನೆಯದು ಮುರಿ ಮಡಿಕೆ. ಮೊಣಕೈ, ಮೊಣಕಾಲು ಬಾಗಿದಾಗ ಒಳಮಗ್ಗುಲಲ್ಲಿ ಬಟ್ಟೆ ಒಂದರ ಮೇಲೊಂದು ಸಿಕ್ಕಿಕೊಳ್ಳುತ್ತದೆ, ಹೊರಮಗ್ಗುಲಲ್ಲಿ ಬಿಗಿಯುತ್ತದೆ. ಕುಳಿತ ಹುಡುಗನ ಪ್ಯಾಂಟಿನಲ್ಲಿ ಇದನ್ನು ಸ್ಪಷ್ಟವಾಗಿ ನೋಡಬಹುದು. ನಾಲ್ಕನೆಯದು ಸುತ್ತು ಮಡಿಕೆ. ಮೇಲೆ ಸರಿಸಿದ ತೋಳಿನಲ್ಲಿ, ತಲೆಗೆ ಸುತ್ತಿದ ರುಮಾಲಿನಲ್ಲಿ ಇದು ಉಂಟಾಗುತ್ತದೆ. ರುಮಾಲನ್ನು ಬುಟ್ಟಿಯಂತೆ ತಲೆಯ ಮೇಲೆ ಇಡಬಾರದು. ಅದು ತಲೆಯನ್ನು ಸುತ್ತಿ ಹಿಂದೆ ಹೋಗಿ ಮತ್ತೆ ಮುಂದೆ ಬಂದಿದೆಯೆಂಬುದು ಗೆರೆಯಲ್ಲಿ ತಿಳಿಯಬೇಕು.

ಬಟ್ಟೆಯ ಜಾತಿಯನ್ನೂ ನೋಡಬೇಕು. ಗಂಜಿ ಹಾಕಿದ ಹತ್ತಿಯ ಬಟ್ಟೆಯ ಮಡಿಕೆ ಚೂಪಾಗಿ, ಮೂಲೆಮೂಲೆಯಾಗಿ ಮುರಿಯುತ್ತದೆ. ರೇಷ್ಮೆಯದು ಇಳಿಜಾರಾಗಿ ಹರಿಯುತ್ತದೆ. ಕಂಬಳಿಯಲ್ಲಿ ಮಡಿಕೆಗಳು ಕಡಿಮೆ, ಆದರೆ ದಪ್ಪ. ಇಳಕಲ್ ಸೀರೆಯಲ್ಲಿ ಒಡಲು ಹತ್ತಿಯದಾಗಿದ್ದು ಸೆರಗು ರೇಷ್ಮೆಯದಾಗಿರುವ ಬಗೆ ಪ್ರಸಿದ್ಧವಾಗಿದೆ. ಹೀಗೆ ಒಂದೇ ಸೀರೆಯಲ್ಲಿ ಎರಡು ಬಗೆಯ ಮಡಿಕೆಗಳು ಸಿಗುತ್ತವೆ. ತಮ್ಮ ಅಜ್ಜಿಯ ಸೀರೆಯಲ್ಲಿ ಇದನ್ನು ನೋಡಿ ಬರಲು ಹೇಳಿದಾಗ ಮಕ್ಕಳಿಗೆ ಆಗುವ ಆಶ್ಚರ್ಯ ದೊಡ್ಡದು.

ಸೀರೆಯ ಅಂಚು ಚಿತ್ರಕಾರನ ದೊಡ್ಡ ಮಿತ್ರ. ಅಂಚು ದೇಹದ ಮೇಲೆ ಸುತ್ತಿ ಹೋಗುವ ಒಂದು ಹಾದಿ. ಎದೆ ಉಬ್ಬಿದಲ್ಲಿ ಅದು ಉಬ್ಬುತ್ತದೆ, ನಡು ತಗ್ಗಿದಲ್ಲಿ ತಗ್ಗುತ್ತದೆ, ಮಡಿಕೆಯೊಳಗೆ ಹೋಗಿ ಮರೆಯಾಗಿ ಮತ್ತೆ ಹೊರಬರುತ್ತದೆ. ಕೆಳಅಂಚನ್ನು ಪಟ್ಟಿ ಹಿಡಿದು ನೇರ ಗೆರೆ ಎಳೆದರೆ ಸೀರೆ ಹಲಗೆಯಾಗುತ್ತದೆ. ಹಾಗೆಯೇ ಚೌಕಳಿ ಬಟ್ಟೆಯ ಚೌಕುಗಳು, ಖಣದ ಕುಪ್ಪಸದ ಬುಟ್ಟಾಗಳು ದೇಹದೊಡನೆ ಬಾಗಬೇಕು. ಬುಟ್ಟಾಗಳನ್ನು ಎಣಿಸಿ ತುಂಬುವ ಮೊದಲು ಅವು ಕೂತ ಬಟ್ಟೆ ಎತ್ತ ತಿರುಗಿದೆಯೆಂದು ನೋಡಬೇಕು.

ಲಿಯೊನಾರ್ಡೊ ಡ ವಿಂಚಿಯು ತರುಣನಾಗಿದ್ದಾಗ ಮಣ್ಣಿನ ಬೊಂಬೆಗಳ ಮೇಲೆ ಗಾರೆಯ ನೀರಿನಲ್ಲಿ ಅದ್ದಿದ ಬಟ್ಟೆ ಹೊದಿಸಿ, ಅದು ಗಟ್ಟಿಯಾದ ಮೇಲೆ ತಾಳ್ಮೆಯಿಂದ ಅದರ ಮಡಿಕೆಗಳನ್ನು ಅಭ್ಯಾಸ ಮಾಡುತ್ತಿದ್ದನೆಂದು ಅವನ ಚರಿತ್ರೆ ಬರೆದ ವಸಾರಿ ಹೇಳಿದ್ದಾನೆ. ನಮಗೆ ಗಾರೆ ಬೇಕಿಲ್ಲ. ಮನೆಯ ಗಂಜಿಯಲ್ಲಿ ಅದ್ದಿದ ಹಳೆಯ ದೋತರದ ತುಂಡನ್ನು ಮಗುಚಿಟ್ಟ ಗಡಿಗೆಯ ಮೇಲೆ ಹೊದಿಸಿ ಒಣಗಿಸಿದರೆ ಸಾಕು. ಅಲುಗಾಡದ ಮಡಿಕೆ ಸಿಗುತ್ತದೆ, ಎಷ್ಟು ಹೊತ್ತು ಬೇಕಾದರೂ ನೋಡಬಹುದು.

ಯಾರ ಉಡುಗೆ?

ಹೊಲದಲ್ಲಿ ದುಡಿಯುವ ರೈತನನ್ನು ಬರೆಯಿರಿ ಎಂದರೆ ಬರುವ ಚಿತ್ರಗಳೆಲ್ಲ ಒಂದೇ ತೆರನಾಗಿರುತ್ತವೆ: ದೊಡ್ಡ ಮುಂಡಾಸು, ಹುರಿಮೀಸೆ, ಮೊಣಕಾಲ ಮೇಲಿನ ಕಚ್ಚೆ. ಒಮ್ಮೆ ಒಬ್ಬ ಹುಡುಗನನ್ನು ಕೇಳಿದೆವು, "ನಿನ್ನ ಅಪ್ಪ ಹೊಲಕ್ಕೆ ಹೋಗುವಾಗ ಏನು ತೊಡುತ್ತಾರೆ?" ಹುಡುಗ ತಡೆದು, "ಹಳೇ ಪ್ಯಾಂಟು, ಹೆಗಲ ಮ್ಯಾಲ ಟಾವೆಲ್ಲು" ಎಂದ. "ಮತ್ತೆ ಇವರು ಯಾರು?" ಎಂದು ಚಿತ್ರ ತೋರಿಸಿದೆವು. "ಇವರು ಚಿತ್ರದಾಗಿನ ರೈತರು ಸರ್" ಎಂದ. ವರ್ಗವೆಲ್ಲ ನಕ್ಕಿತು, ನಾವೂ ನಕ್ಕೆವು. ಆದರೆ ಅವನ ಮಾತು ವಿಚಾರಕ್ಕೆ ಯೋಗ್ಯವಾದದ್ದು. ತನ್ನ ಅಪ್ಪ ಚಿತ್ರಕ್ಕೆ ತಕ್ಕವನಲ್ಲವೆಂದು ಮಗು ಯಾವಾಗ ತಿಳಿದುಕೊಂಡಿತು?

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರವಿದ್ಯೆಯ ವಿಚಾರವೂ ಬಂದಿದೆ. ಕನ್ನಡಿಯಲ್ಲಿ ಕಂಡಂತೆ ಹೋಲಿಕೆಯುಳ್ಳ ಚಿತ್ರವನ್ನು ವಿದ್ಧವೆಂದೂ, ಮನಸ್ಸಿನಲ್ಲಿ ಹೊಳೆದುದನ್ನು ಬರೆದ ಚಿತ್ರವನ್ನು ಅವಿದ್ಧವೆಂದೂ ಅಲ್ಲಿ ವಿಂಗಡಿಸಿದೆ. ಎರಡಕ್ಕೂ ಸ್ಥಾನವುಂಟು. ಆದರೆ ಇನ್ನೊಬ್ಬರ ಚಿತ್ರವನ್ನು ನೆನೆದು ಬರೆದದ್ದು ಇವೆರಡರಲ್ಲಿ ಯಾವುದೂ ಅಲ್ಲ.

ನಮ್ಮ ಸೀಮೆಯ ಉಡುಗೆಗಳಲ್ಲಿ ಎರಡು ಭಾಷೆಗಳ ಬಾಳುವೆ ಇದೆ. ಒಬ್ಬಳು ಸೆರಗು ಎನ್ನುತ್ತಾಳೆ, ಇನ್ನೊಬ್ಬಳು ಪದರು ಎನ್ನುತ್ತಾಳೆ. ಒಂದು ಮನೆಯಲ್ಲಿ ಕಚ್ಚೆ, ಇನ್ನೊಂದರಲ್ಲಿ ಕಾಷ್ಟಾ. ಶಬ್ದ ಯಾವುದಾದರೂ ಇರಲಿ, ಚಿತ್ರದಲ್ಲಿ ಭೇದ ತಿಳಿದಿರಬೇಕು. ಕಚ್ಚೆ ಹಾಕಿ ಉಟ್ಟ ಸೀರೆಯಲ್ಲಿ ಎರಡು ಕಾಲುಗಳ ಆಕಾರ ಬೇರೆಬೇರೆಯಾಗಿ ಕಾಣುತ್ತದೆ, ಬಟ್ಟೆ ಹಿಂದಕ್ಕೆ ಎಳೆಯಲ್ಪಟ್ಟಿರುತ್ತದೆ. ಸುತ್ತಿ ಉಟ್ಟ ಸೀರೆಯಲ್ಲಿ ಕಾಲುಗಳು ಮರೆಯಾಗಿ, ನಡೆಯುವಾಗ ಮುಂದಿನ ಮೊಣಕಾಲು ಮಾತ್ರ ಬಟ್ಟೆಯನ್ನು ಒತ್ತಿ ತೋರುತ್ತದೆ. ಕೊಲ್ಲಾಪುರದಲ್ಲಿ ಹುಟ್ಟಿ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲಿಯೇ ಕಲಿಸಿದ ಎಂ. ವ್ಹಿ. ಧುರಂಧರರು (1867-1944) ಸ್ತ್ರೀಯರು ಸೀರೆ ಉಡುವ ಬಗೆಗಳನ್ನು ಸೂಕ್ಷ್ಮವಾಗಿ ನೋಡಿ ಬರೆದರು. ಉಡುಪಿಯ ಸಮೀಪದ ಕಟ್ಟಿಂಗೇರಿಯವರಾದ ಕೆ. ಕೆ. ಹೆಬ್ಬಾರರು (1911-1996) ಅದೇ ಶಾಲೆಯಲ್ಲಿ ಕಲಿತು, ಕೆಲವೇ ಗೆರೆಗಳಲ್ಲಿ ನರ್ತಿಸುವ ದೇಹವನ್ನು ತೋರಿಸಬಲ್ಲವರಾದರು. ಒಬ್ಬರದು ತುಂಬಿದ ವಿವರ, ಇನ್ನೊಬ್ಬರದು ಉಳಿಸಿದ ಗೆರೆ. ಇಬ್ಬರೂ ಮೊದಲು ನೋಡಿದವರು.

ಹೇಳುವ ಕ್ರಮ

ಇನ್ನೊಬ್ಬರ ಚಿತ್ರದ ವಿಷಯವಾಗಿ ಮಾತಾಡುವಾಗ ನಾವು ಈಗ ಪಾಲಿಸುತ್ತಿರುವ ನಿಯಮಗಳು ಇವು. ವಿದ್ಯಾರ್ಥಿಗಳು ಪರಸ್ಪರರ ಚಿತ್ರ ನೋಡುವಾಗಲೂ ಇವನ್ನೇ ಅನುಸರಿಸಬೇಕೆಂದು ವಿನಂತಿ.

1. ಮೊದಲು ಕೇಳಬೇಕು, ಆಮೇಲೆ ಹೇಳಬೇಕು. "ಇದು ಯಾರು? ಏನು ಮಾಡುತ್ತಿದ್ದಾರೆ? ಎಲ್ಲಿ ನೋಡಿದೆ?" ಈ ಮೂರು ಪ್ರಶ್ನೆ ಕೇಳಿದ್ದರೆ ನಾವು ಆ ಹುಡುಗಿಯ ಚಿತ್ರವನ್ನು ಕೆಡಿಸುತ್ತಿರಲಿಲ್ಲ.

2. ಸಾಧಿಸಿದ್ದನ್ನು ಹೆಸರಿಟ್ಟು ಹೇಳಬೇಕು. "ಚೆನ್ನಾಗಿದೆ" ಎಂಬ ಮಾತಿನಿಂದ ಯಾರೂ ಏನೂ ಕಲಿಯುವುದಿಲ್ಲ. "ಸೆರಗು ಭುಜದಿಂದಲೇ ಹೊರಟಿದೆ, ಅದರ ಭಾರ ತಿಳಿಯುತ್ತದೆ" ಎಂದರೆ ಮುಂದಿನ ಚಿತ್ರದಲ್ಲಿಯೂ ಅದು ಉಳಿಯುತ್ತದೆ.

3. ನಿಲುವು, ಅಳತೆ, ಬಟ್ಟೆ, ಮುಖ ಮತ್ತು ಬೆರಳು ಎಂಬ ಕ್ರಮದಲ್ಲಿ ನೋಡಬೇಕು. ಬೀಳುತ್ತಿರುವವನ ಗುಂಡಿಯನ್ನು ಸರಿಪಡಿಸಿ ಪ್ರಯೋಜನವಿಲ್ಲ.

4. ಒಂದು ಸಲಕ್ಕೆ ಒಂದೇ ಮಾತು. ಹತ್ತು ದೋಷ ಕಂಡರೂ ಒಂದನ್ನೇ ಹೇಳಬೇಕು. ಅದು ಸರಿಯಾದಾಗ ಉಳಿದವುಗಳಲ್ಲಿ ಎಷ್ಟೋ ತಾವಾಗಿಯೇ ಸರಿಹೋಗುತ್ತವೆ.

5. ತೀರ್ಪಿನ ಬದಲು ಪರೀಕ್ಷೆ ಕೊಡಬೇಕು. "ಕಾಲು ಗಿಡ್ಡ" ಎನ್ನದೆ "ತಲೆಯಿಂದ ಅಳೆದು ನೋಡು" ಎನ್ನಬೇಕು. "ಮಡಿಕೆ ಸುಳ್ಳು" ಎನ್ನದೆ "ಈ ಮಡಿಕೆ ಎಲ್ಲಿಂದ ಹೊರಟಿದೆ?" ಎನ್ನಬೇಕು.

6. ಇನ್ನೊಬ್ಬರ ಗೆರೆಯ ಮೇಲೆ ಗೆರೆ ಎಳೆಯಕೂಡದು. ತೋರಿಸಲೇಬೇಕಾದರೆ ಬೇರೆ ಕಾಗದ ಅಥವಾ ಕರಿಹಲಗೆ ಇದೆ. ಕೆಂಪು ಮಸಿಯಂತೂ ಬೇಡವೇ ಬೇಡ.

7. ಚಿತ್ರದ ಮಾತಾಡಬೇಕು, ಬರೆದವರ ಮಾತಲ್ಲ. "ನಿನಗೆ ಕೈ ಬರೆಯಲು ಬರುವುದಿಲ್ಲ" ಎಂಬುದು ಚಿತ್ರದ ಮೇಲಿನ ಟೀಕೆಯಲ್ಲ.

ಕೇಳಿಸಿಕೊಳ್ಳುವವರಿಗೂ ಒಂದೆರಡು ಮಾತು. ಹೇಳಿದ್ದನ್ನೆಲ್ಲ ಒಪ್ಪಿಕೊಳ್ಳಬೇಕಾಗಿಲ್ಲ. ಸಂದೇಹವಿದ್ದರೆ ಮತ್ತೆ ಹೋಗಿ ನಿಜವಾದ ವಸ್ತುವನ್ನು ನೋಡಿರಿ. ಗುರುಗಳು ತಪ್ಪಿದ್ದರೆ ಧೈರ್ಯವಾಗಿ ಹೇಳಿರಿ: "ನಾನು ಹೀಗೆಯೇ ನೋಡಿದೆ." ಹಳೆಯ ಚಿತ್ರವನ್ನು ಹರಿಯಬೇಡಿರಿ, ದಿನಾಂಕ ಹಾಕಿ ಇಡಿರಿ. ಆರು ತಿಂಗಳ ಮೇಲೆ ಅದು ನಿಮಗೆ ಯಾವ ಶಿಕ್ಷಕರಿಗಿಂತಲೂ ಚೆನ್ನಾಗಿ ಪಾಠ ಹೇಳುತ್ತದೆ.

ಅಭ್ಯಾಸ

(ಅ) ಮನೆಯಲ್ಲಿ ಒಬ್ಬರು ಕೆಲಸ ಮಾಡುವುದನ್ನು ಐದು ನಿಮಿಷ ಸುಮ್ಮನೆ ನೋಡಿರಿ. ಆಮೇಲೆ ಒಳಗೆ ಹೋಗಿ ದಂಟಿನ ಮನುಷ್ಯನಾಗಿ ಬರೆಯಿರಿ. ಭುಜ, ಸೊಂಟಗಳ ಅಡ್ಡಕಡ್ಡಿ ಎತ್ತ ವಾಲಿದ್ದವು?

(ಆ) ಮನೆಯಲ್ಲಿರುವ ಕೂಸು, ನೀವು, ಅಜ್ಜ, ಮೂವರ ಎತ್ತರ ಎಷ್ಟೆಷ್ಟು ತಲೆಗಳೆಂದು ಅಳೆದು ಬರೆದಿಡಿರಿ.

(ಇ) ದಾರಕ್ಕೆ ಒಣಹಾಕಿದ ಸೀರೆಯನ್ನೂ ಉಟ್ಟ ಸೀರೆಯನ್ನೂ ನೋಡಿ, ಕೆಳಅಂಚಿನ ಗೆರೆಯನ್ನು ಮಾತ್ರ ಬರೆಯಿರಿ.

(ಈ) ಗೆಳೆಯರ ಚಿತ್ರವೊಂದಕ್ಕೆ ಮೂರು ಸಾಲಿನ ಟೀಕೆ ಬರೆಯಿರಿ. ಮೊದಲ ಸಾಲು ಸಾಧಿಸಿದ್ದು, ಎರಡನೆಯದು ಒಂದು ಪ್ರಶ್ನೆ, ಮೂರನೆಯದು ಒಂದು ಪರೀಕ್ಷೆ.

ಆ ಹುಡುಗಿಯ ಚಿತ್ರ ಇಂದಿಗೂ ನಮ್ಮ ಬಳಿ ಇದೆ. ಪೆನ್ಸಿಲಿನ ಗೆರೆ ಮಸುಕಾಗಿದೆ, ಕೆಂಪು ಮಸಿ ಮಾತ್ರ ಹಾಗೆಯೇ ಉಳಿದಿದೆ. ಅದನ್ನು ಅಳಿಸಲು ಬರುವುದಿಲ್ಲ. ಪ್ರತಿ ವರ್ಷ ಹೊಸ ತಂಡ ಬಂದಾಗ, ಹೆಸರು ಕಾಣದಂತೆ ಮಡಿಚಿ, ಅದನ್ನು ವರ್ಗದಲ್ಲಿ ತೋರಿಸುತ್ತೇವೆ. ಒಬ್ಬ ವಿದ್ಯಾರ್ಥಿನಿಯ ಸೊಂಟದ ಮೇಲೆ ನೀರು ತುಂಬಿದ ಕೊಡ ಇಟ್ಟು ಪಕ್ಕದಲ್ಲಿ ನಿಲ್ಲಿಸುತ್ತೇವೆ. "ಈ ಚಿತ್ರದಲ್ಲಿ ತಪ್ಪು ಗೆರೆ ಯಾವುದು?" ಎಂದು ಕೇಳುತ್ತೇವೆ. ಮಕ್ಕಳು ಒಮ್ಮೆ ಕೊಡದತ್ತ, ಒಮ್ಮೆ ಕಾಗದದತ್ತ ನೋಡುತ್ತಾರೆ. ಬಹಳ ಹೊತ್ತು ಬೇಕಾಗುವುದಿಲ್ಲ. ಯಾರಾದರೊಬ್ಬರು ಎದ್ದು ನಿಂತು ಹೇಳುತ್ತಾರೆ: "ಕೆಂಪು ಗೆರೆ, ಸರ್."